ನಾಲ್ಕೇ ಗರಿಗಳ ಬಾಲ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಲಂಡನ್ ನಗರದ ಹ್ಯಾಕ್ನಿ ಎಂಬ ಭಾಗದಲ್ಲಿ ಜಾರ್ಜ್ ಲೊಡಿಜಿಸ್ ಎಂಬ ಸಸ್ಯ ವ್ಯಾಪಾರಿ ಇದ್ದನು. ಆರ್ಕಿಡ್ ಹೂಗಳಿಗೂ ತಾಳೆಯ ಜಾತಿಯ ಮರಗಳಿಗೂ ಅವನ ತೋಟ ಯೂರೋಪಿನಲ್ಲೆಲ್ಲ ಹೆಸರುವಾಸಿಯಾಗಿತ್ತು. ಗಿಡಗಳ ವ್ಯಾಪಾರದ ಜೊತೆಗೆ ಅವನಿಗೆ ಇನ್ನೊಂದು ಹುಚ್ಚೂ ಅಂಟಿಕೊಂಡಿತ್ತು. ಅದು ಅಮೆರಿಕ ಖಂಡದ ಝೇಂಕಾರದ ಹಕ್ಕಿಗಳನ್ನು, ಎಂದರೆ ಹಮ್ಮಿಂಗ್ ಬರ್ಡುಗಳನ್ನು, ಸಂಗ್ರಹಿಸುವ ಹುಚ್ಚು. ಪೆರು ದೇಶದ ಬೆಟ್ಟಗಳಲ್ಲಿ ಗಿಡಗಳನ್ನು ಅರಸುತ್ತಿದ್ದ ಮ್ಯಾಥ್ಯೂಸ್ ಎಂಬವನು 1835ರಲ್ಲಿ ಅವನಿಗಾಗಿ ಒಂದು ಗಂಡು ಹಕ್ಕಿಯನ್ನು ದೊರಕಿಸಿದನು. ಹಿಂದೆ ಯಾವ ವಿದ್ವಾಂಸನೂ ಕಂಡಿರದ ಹಕ್ಕಿ ಅದು. ಮುಂದಿನ ಸುಮಾರು ನಾಲ್ವತ್ತು ವರ್ಷಗಳ ಕಾಲ ಆ ಜಾತಿಯ ವಿಷಯದಲ್ಲಿ ಜಗತ್ತಿಗೆ ತಿಳಿದಿದ್ದುದೆಲ್ಲ ಆ ಒಂದೇ ಒಂದು ಚರ್ಮದಿಂದ ತಿಳಿದುದೇ ಹೊರತು ಬೇರೆಯಲ್ಲ.

ಬೂರ್ಸಿಯೇ ಎಂಬ ಫ್ರೆಂಚ್ ಪಕ್ಷಿಶಾಸ್ತ್ರಜ್ಞನು 1847ರಲ್ಲಿ ಅದನ್ನು ವರ್ಣಿಸಿ, ‘ಮಿರಾಬಿಲಿಸ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ‘ಅದ್ಭುತ’. ಅದರ ಕುಲಕ್ಕೆ ಲೊಡಿಜಿಸನ ಹೆಸರೇ ಉಳಿದುಕೊಂಡಿದೆ. ಜೀವಂತ ಹಕ್ಕಿಯನ್ನು ಕಾಡಿನಲ್ಲಿ ನೋಡಿ ಅದರ ನಡೆವಳಿಯನ್ನು ಬರೆದಿಡುವ ಭಾಗ್ಯ 1880ರ ಸುಮಾರಿಗೆ ಪೋಲೆಂಡಿನ ಸ್ಟೋಲ್ಜ್‌ಮನ್ ಎಂಬ ನಿಸರ್ಗತಜ್ಞನಿಗೆ ಒದಗಿತು. ಇಂದು ಈ ಹಕ್ಕಿಯನ್ನು ನೋಡುವುದಕ್ಕೆಂದೇ ಸಾವಿರಾರು ಮೈಲಿ ದೂರದಿಂದ ಜನರು ಪೆರುವಿನ ಒಂದು ಹಳ್ಳಿಗೆ ಬರುತ್ತಾರೆ; ಚರ್ಮಕ್ಕೆ ಬದಲಾಗಿ ಛಾಯಾಚಿತ್ರವನ್ನು ಕೊಂಡೊಯ್ಯುತ್ತಾರೆ. ಈ ಬದಲಾವಣೆ ಹೇಗಾಯಿತೆಂಬುದು ಹಕ್ಕಿಯಷ್ಟೇ ಸ್ವಾರಸ್ಯವಾದ ಸಂಗತಿ.

ಸಟ್ಟುಗದ ಬಾಲ

ಝೇಂಕಾರದ ಹಕ್ಕಿಗಳಲ್ಲಿ ಸುಮಾರು 360 ಜಾತಿಗಳುಂಟು. ಇಂದು ಅಮೆರಿಕ ಖಂಡಗಳಲ್ಲಲ್ಲದೆ ಅವು ಬೇರೆಲ್ಲಿಯೂ ಇಲ್ಲ. ಬೆಂಗಳೂರು ಮೈಸೂರುಗಳ ಮನೆಯಂಗಳದಲ್ಲಿ ದಾಸವಾಳದ ಹೂವಿಗೆ ಬಾಗಿದ ಕೊಕ್ಕು ಚಾಚುವ ಮಿರುಗುಬಣ್ಣದ ಪುಟ್ಟ ಹಕ್ಕಿಯನ್ನು ಕಂಡು ‘ಹಮ್ಮಿಂಗ್ ಬರ್ಡ್’ ಎನ್ನುವವರು ಅನೇಕರು. ಅದು ಸೂರಕ್ಕಿ, ಬೇರೆಯೇ ವಂಶದ್ದು. ಇಬ್ಬರ ಕಸುಬೂ ಮಕರಂದ ಹೀರುವುದಾದ್ದರಿಂದ ರೂಪ ಹತ್ತಿರ ಬಂದಿದೆಯಷ್ಟೆ. ಸೂರಕ್ಕಿಯು ಸಾಮಾನ್ಯವಾಗಿ ರೆಂಬೆಯ ಮೇಲೆ ಕುಳಿತು ಹೀರುತ್ತದೆ. ಝೇಂಕಾರದ ಹಕ್ಕಿಯಾದರೋ ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು ಹೀರುತ್ತದೆ. ಮುಗಿದೊಡನೆ ಹಿಮ್ಮುಖವಾಗಿಯೂ ಹಾರಬಲ್ಲುದು.

ಲೊಡಿಜಿಸನ ಹಕ್ಕಿಯ ವೈಶಿಷ್ಟ್ಯವಿರುವುದು ಬಾಲದಲ್ಲಿ. ಸಾಮಾನ್ಯವಾಗಿ ಈ ಹಕ್ಕಿಗಳ ಬಾಲದಲ್ಲಿ ಹತ್ತು ಗರಿಗಳಿರುತ್ತವೆ. ಇದಕ್ಕೆ ಉಪಯೋಗಕ್ಕೆ ಬರುವವು ನಾಲ್ಕೇ. ಗಂಡಿನಲ್ಲಿ ಆ ನಾಲ್ಕರ ಪೈಕಿ ಹೊರಗಿನ ಎರಡು ಗರಿಗಳು ತಂತಿಯಂತೆ ಬರಿಯ ದಂಟಾಗಿ ಉದ್ದಕ್ಕೆ ಬೆಳೆದು, ಒಂದನ್ನೊಂದು ಹಾಯ್ದು, ತುದಿಯಲ್ಲಿ ಕಡುನೀಲಿಯ ದುಂಡು ಬಿಲ್ಲೆಗಳಾಗಿ ಅರಳುತ್ತವೆ. ಅಡಿಗೆಮನೆಯ ಸಟ್ಟುಗವನ್ನು ನೆನಪಿಸುವ ಆಕಾರ. ಇಂಗ್ಲಿಷಿನವರು ಅದಕ್ಕೆ ಕೊಟ್ಟಿರುವ ‘ಸ್ಪ್ಯಾಟುಲ್‌ಟೇಲ್’ ಎಂಬ ಹೆಸರಿನ ಅರ್ಥವೂ ಅದೇ. ಮಲೆನಾಡಿನ ಕಾಡುಗಳಲ್ಲಿ ಭೀಮರಾಜ ಹಕ್ಕಿಯನ್ನು ಕಂಡವರಿಗೆ ಈ ಬಗೆಯ ಬಾಲ ಹೊಸದಲ್ಲ. ಆದರೆ ಭೀಮರಾಜ ಮೈನಾ ಹಕ್ಕಿಗಿಂತ ದೊಡ್ಡದು. ಸಟ್ಟುಗಬಾಲದ ತೂಕವೋ ಸುಮಾರು ಮೂರು ಗ್ರಾಂ. ತಲೆಯ ಮೇಲೆ ನೀಲಿ, ಕೊರಳಲ್ಲಿ ಹಸುರುನೀಲಿ, ಬಿಳಿಯ ಹೊಟ್ಟೆಯ ನಡುವೆ ಒಂದು ಕಪ್ಪು ಗೆರೆ. ಬಾಲವೊಂದೇ ಮೈಗಿಂತ ಉದ್ದ.

ಇಷ್ಟು ಭಾರದ ಅಲಂಕಾರವನ್ನು ಇಷ್ಟು ಹಗುರವಾದ ಜೀವ ಹೊತ್ತು ತಿರುಗುವುದು ಹೆಣ್ಣನ್ನು ಮೆಚ್ಚಿಸುವುದಕ್ಕಾಗಿ. ಗಂಡು ಹೆಣ್ಣಿನ ಎದುರು ಗಾಳಿಯಲ್ಲಿ ನಿಂತು, ಅತ್ತಿಂದಿತ್ತ ಜಿಗಿಯುತ್ತ, ಎರಡು ಬಿಲ್ಲೆಗಳನ್ನೂ ತಲೆಯ ಸುತ್ತ ಬೀಸಿ ಕುಣಿಯುತ್ತದೆ. ಬಹಳ ಶಕ್ತಿ ಬೇಡುವ ಈ ನೃತ್ಯ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಬಿಬಿಸಿ ಸಂಸ್ಥೆಯು 2009ರಲ್ಲಿ ಪ್ರಸಾರ ಮಾಡಿದ ‘ಲೈಫ್’ ಎಂಬ ಚಿತ್ರಮಾಲೆಯಲ್ಲಿ ಇದನ್ನು ನಿಧಾನಗತಿಯಲ್ಲಿ ತೋರಿಸಿದಾಗ ಲಕ್ಷಾಂತರ ಜನರು ಈ ಹಕ್ಕಿಯನ್ನು ಮೊದಲ ಬಾರಿಗೆ ಕಂಡರು.

ಕವಣೆಯ ಕಲ್ಲು

ಈ ಹಕ್ಕಿಯ ಸೀಮೆ ಬಹಳ ಚಿಕ್ಕದು. ಪೆರುವಿನ ಉತ್ತರಭಾಗದಲ್ಲಿ, ಆಂಡೀಸ್ ಪರ್ವತಗಳ ಪೂರ್ವದ ಇಳಿಜಾರಿನಲ್ಲಿ ಉತ್ಕುಬಾಂಬ ಎಂಬ ನದಿ ಹರಿಯುತ್ತದೆ. ಅದರ ಕಣಿವೆಯ ಸುತ್ತಮುತ್ತ, ಸಮುದ್ರಮಟ್ಟಕ್ಕಿಂತ 2,000ದಿಂದ 2,900 ಮೀಟರುಗಳವರೆಗೆ, ಕಾಡಿನ ಅಂಚುಗಳಲ್ಲಿಯೂ ಪೊದೆಗಳಲ್ಲಿಯೂ ಮಾತ್ರ ಅದು ವಾಸಿಸುತ್ತದೆ. ಗದ್ದೆಗಳಿಗೂ ದನಗಳ ಹುಲ್ಲುಗಾವಲಿಗೂ ಕಾಡು ಕಡಿದಂತೆಲ್ಲ ಈ ಅಂಚು ಹಿಂದೆ ಸರಿಯುತ್ತದೆ; ಕೊನೆಗೆ ಅಂಚೂ ಉಳಿಯುವುದಿಲ್ಲ.

ಇದು ಸಾಲದೆಂಬಂತೆ ಇನ್ನೊಂದು ಕೇಡೂ ಇತ್ತು. ಗಂಡು ಹಕ್ಕಿಯ ಒಣಗಿಸಿದ ಹೃದಯವು ಪುರುಷತ್ವವನ್ನು ಹೆಚ್ಚಿಸುವ ಮದ್ದೆಂದು ಆ ಕಡೆಯ ಕೆಲವರು ನಂಬಿದ್ದರು. ಅದಕ್ಕಾಗಿ ಕವಣೆ ಬೀಸಿ ಗಂಡುಗಳನ್ನು ಹೊಡೆದುರುಳಿಸುತ್ತಿದ್ದರು. ಅವರನ್ನು ಅಜ್ಞಾನಿಗಳೆಂದು ಹಳಿಯುವ ಮುನ್ನ ಒಂದು ಸಂಗತಿಯನ್ನು ನೆನೆಯುವುದು ನ್ಯಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ಪ್ಯಾರಿಸ್ ನಗರಗಳ ಹೆಂಗಸರ ಟೊಪ್ಪಿಗೆಗಳನ್ನು ಸಿಂಗರಿಸುವುದಕ್ಕೆಂದು ಝೇಂಕಾರದ ಹಕ್ಕಿಗಳ ಚರ್ಮಗಳು ಸಾವಿರ ಸಾವಿರ ಲೆಕ್ಕದಲ್ಲಿ ಹರಾಜಾಗುತ್ತಿದ್ದವು. ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಮೋಜು; ಹಕ್ಕಿಯ ಪಾಲಿಗೆ ಎರಡೂ ಒಂದೇ.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಈ ಕಥೆ ತಿರುವು ಪಡೆಯಿತು. ಆ ಸೀಮೆಯಲ್ಲಿ ಪೊಮಕೋಚಾಸ್ ಎಂಬ ಊರಿದೆ. ಪಕ್ಕದಲ್ಲಿಯೇ ಅದೇ ಹೆಸರಿನ ಸರೋವರ. ಪೆರುವಿನ ‘ಇಕೋಆನ್’ ಎಂಬ ನಿಸರ್ಗರಕ್ಷಣಾ ಸಂಸ್ಥೆ, ಅಮೆರಿಕದ ಪಕ್ಷಿಸಂರಕ್ಷಣಾ ಸಂಸ್ಥೆಯೊಂದರ ನೆರವಿನಿಂದ, ಆ ಊರಿನ ಸಮುದಾಯದೊಡನೆ ಒಪ್ಪಂದ ಮಾಡಿಕೊಂಡಿತು. ನೆಲದ ಒಡೆತನ ಊರವರದಾಗಿಯೇ ಉಳಿಯಬೇಕು. ಆದರೆ ಉವೆಂಬೊ ಎಂಬ ಜಾಗದ ಕಾಡನ್ನು ಕಡಿಯದೆ ಹಕ್ಕಿಗಾಗಿ ಬಿಡಬೇಕು. ಬರಿದಾದ ಕಡೆಗಳಲ್ಲಿ ಅಲ್ಲಿನ ನೆಲದ್ದೇ ಆದ ಸಸಿಗಳನ್ನು ನೆಡಲಾಯಿತು. ಸಕ್ಕರೆನೀರಿನ ಬುಡ್ಡಿಗಳನ್ನು ತೂಗುಹಾಕಿ, ನೋಡಬರುವವರಿಗೆ ಕುಳಿತುಕೊಳ್ಳಲು ಏರ್ಪಾಡು ಮಾಡಲಾಯಿತು. ಬಂದವರು ಪ್ರವೇಶಧನ ಕೊಡಬೇಕೆಂದೂ ಗೊತ್ತಾಯಿತು. ಸತ್ತ ಹಕ್ಕಿಯನ್ನು ಒಂದು ಸಲ ಮಾತ್ರ ಮಾರಬಹುದು. ಬದುಕಿರುವ ಹಕ್ಕಿಯನ್ನು ನೋಡಲು ಪ್ರತಿವರ್ಷವೂ ಜನ ಬರುತ್ತಾರೆ. ಊರಿನವರಿಗೆ ಈ ಲೆಕ್ಕ ತಿಳಿಯಲು ತಡವಾಗಲಿಲ್ಲ.

ಉವೆಂಬೊದ ಕಾಯುವಿಕೆ

ಲಿಮಾ ನಗರದಿಂದ ವಿಮಾನದಲ್ಲಿ ಖಾಯೆನ್ ಅಥವಾ ತರಪೋತೊ ಎಂಬ ಊರಿಗೆ ಬಂದು, ಅಲ್ಲಿಂದ ಬೆಟ್ಟದ ರಸ್ತೆಯಲ್ಲಿ ಹಲವು ಗಂಟೆ ಪಯಣಿಸಿದರೆ ಪೊಮಕೋಚಾಸ್ ಸಿಕ್ಕುತ್ತದೆ. ಪ್ರವಾಸದ ತಂಡಗಳು ಸಾಮಾನ್ಯವಾಗಿ ಚಿಕ್ಕವು, ಜೊತೆಗೊಬ್ಬ ಮಾರ್ಗದರ್ಶಿ. ಅವನ ಕೊರಳಲ್ಲಿ ದುರ್ಬೀನು ತೂಗುತ್ತಿರುತ್ತದೆ ನಿಜ, ಆದರೆ ಅವನು ಹೆಚ್ಚಾಗಿ ನಂಬುವುದು ಕಿವಿಯನ್ನು. ಪೊದೆಯೊಳಗಿನ ಒಂದು ಚಿಲಿಪಿಲಿಯಿಂದ ಜಾತಿ ಯಾವುದೆಂದು ಹೇಳಬಲ್ಲನು. ರೆಕ್ಕೆಯ ಗುಂಯ್‌ಗುಡುವಿಕೆಯಿಂದ ಬಂದವನು ದೊಡ್ಡವನೋ ಚಿಕ್ಕವನೋ ಎಂದು ಊಹಿಸಬಲ್ಲನು.

ಬುಡ್ಡಿಗಳ ಸುತ್ತ ಮೊದಲು ಕಾಣುವುದು ಬೇಕಾದ ಹಕ್ಕಿಯಲ್ಲ. ಹಸುರುಮೈಯ, ಕೆನ್ನೆಯಲ್ಲಿ ನೇರಳೆ ಮಿರುಗುವ ‘ವಯಲೆಟಿಯರ್’ ಎಂಬ ಜಗಳಗಂಟಿಯೂ, ಕಂದು ಎದೆಯ ‘ಕಾರೊನೆಟ್’ ಹಕ್ಕಿಯೂ ಅಲ್ಲಿ ಯಜಮಾನಿಕೆ ನಡೆಸುತ್ತವೆ. ತಮಗೆ ಹೊಟ್ಟೆ ತುಂಬಿದ್ದರೂ ಇನ್ನೊಬ್ಬರನ್ನು ಹತ್ತಿರ ಬರಗೊಡವು. ಇವುಗಳ ಮುಂದೆ ಮೂರು ಗ್ರಾಮಿನ ಸಟ್ಟುಗಬಾಲದ ಆಟ ನಡೆಯುವುದಿಲ್ಲ. ಅದು ಪೊದೆಯ ಒಳಗಿನಿಂದ ಹೊಂಚುತ್ತಿದ್ದು, ಜಗಳಗಂಟಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದ ಸಮಯ ನೋಡಿ ನುಸುಳಿಬಂದು, ನಾಲ್ಕು ಗುಟುಕು ಹೀರಿ ಮಾಯವಾಗುತ್ತದೆ. ಅದರ ಹಿಂದೆ ಎರಡು ನೀಲಿ ದುಂಬಿಗಳು ಬೆನ್ನಟ್ಟಿ ಹೋದಂತೆ ಕಾಣುತ್ತದೆ. ಅವು ದುಂಬಿಗಳಲ್ಲ, ಅದರ ಬಾಲದ ಬಿಲ್ಲೆಗಳೇ! ಹೊಸಬರು ‘ಎಲ್ಲಿ, ಎಲ್ಲಿ?’ ಎನ್ನುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಆಗ ಮಾರ್ಗದರ್ಶಿಯ ಅನುಭವ ಬಳಕೆಗೆ ಬರುತ್ತದೆ. ಹಕ್ಕಿಯ ಹಿಂದೆ ಓಡಬಾರದು, ಅದು ಮರಳಿ ಬರುವ ರೆಂಬೆಯನ್ನು ಗುರುತಿಸಿಕೊಂಡು ಕಾಯಬೇಕು ಎಂದು ಅವನು ಹೇಳುತ್ತಾನೆ. ಝೇಂಕಾರದ ಹಕ್ಕಿಗಳು ಮೆಚ್ಚಿದ ರೆಂಬೆಗೆ ಮತ್ತೆ ಮತ್ತೆ ಬಂದು ಕೂರುವುದು ವಾಡಿಕೆ. ಬೊಮಾರಿಯ ಎಂಬ ಬಳ್ಳಿಯ ಕೆಂಪು ಹೂಗಳೆಂದರೆ ಸಟ್ಟುಗಬಾಲಕ್ಕೆ ಪ್ರೀತಿ. ಆ ಹೂ ಅರಳಿರುವ ಕಡೆ ನಿಂತವನಿಗೆ ಬುಡ್ಡಿಯಿಲ್ಲದ, ಸಹಜವಾದ ಚಿತ್ರ ದೊರೆಯಬಹುದು. ಕೆಲವರಿಗೆ ಅರ್ಧ ಗಂಟೆಯಲ್ಲಿ ದರ್ಶನವಾಗುತ್ತದೆ. ಕೆಲವರು ದಿನವೆಲ್ಲ ಕಾದು, ಉದ್ದ ಬಾಲವಿಲ್ಲದ ಹೆಣ್ಣನ್ನೋ ಬಾಲ ಬೆಳೆಯದ ಎಳೆಯ ಗಂಡನ್ನೋ ಕಂಡು ಹಿಂದಿರುಗುತ್ತಾರೆ.

ಬಣ್ಣವನ್ನು ಹಿಡಿಯುವ ಬಗೆ

ಹಕ್ಕಿ ಎದುರಿಗೆ ಬಂದರೂ ಚಿತ್ರ ಬರುವುದೆಂಬ ಭರವಸೆಯಿಲ್ಲ. ಚಿಕ್ಕ ಝೇಂಕಾರದ ಹಕ್ಕಿಗಳು ಸೆಕೆಂಡಿಗೆ ಐವತ್ತರಿಂದ ಎಂಬತ್ತು ಸಲ ರೆಕ್ಕೆ ಬಡಿಯುತ್ತವೆ. ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದಿದ್ದರೂ ಅಷ್ಟರಲ್ಲಿ ರೆಕ್ಕೆ ಸರಿದು ಚಿತ್ರ ಮಸಕಾಗುತ್ತದೆ. ಈ ಕಷ್ಟಕ್ಕೆ ಪರಿಹಾರ ತಂದುದು ಕ್ಯಾಮೆರಾದ ವೇಗವಲ್ಲ, ದೀಪದ ವೇಗ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ ಎಂಬ ಪ್ರಾಧ್ಯಾಪಕರು 1930ರ ದಶಕದಲ್ಲಿ ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಡಮೆ ಕಾಲ ಬೆಳಗಿ ಆರುವ ಮಿಂಚುದೀಪವನ್ನು ಬಳಸಿ ಈ ಹಕ್ಕಿಗಳ ರೆಕ್ಕೆಯನ್ನು ಚಿತ್ರದಲ್ಲಿ ನಿಲ್ಲಿಸಿದರು. ಡ್ಯೂಪಾಂಟ್ ಎಂಬ ದೊಡ್ಡ ರಸಾಯನ ಕಂಪೆನಿಯ ಅಧ್ಯಕ್ಷರಾಗಿದ್ದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಅದೇ ಮಾರ್ಗದಲ್ಲಿ ಇನ್ನೂ ಮುಂದೆ ಹೋದರು. ಬಿಡುವಿನ ವೇಳೆಯಲ್ಲಿ ಭಾರವಾದ ಉಪಕರಣಗಳನ್ನು ಹೊತ್ತುಕೊಂಡು ದಕ್ಷಿಣ ಅಮೆರಿಕವನ್ನೆಲ್ಲ ಸುತ್ತಿ, 1960ರಲ್ಲಿ ಈ ಹಕ್ಕಿಗಳ ಬಣ್ಣದ ಚಿತ್ರಗಳ ಗ್ರಂಥವೊಂದನ್ನು ಹೊರತಂದರು. ಅವರಿಗಿಂತ ನೂರು ವರ್ಷ ಹಿಂದೆ ಇದೇ ಹಕ್ಕಿಗಳ ಮೇಲೆ ದೊಡ್ಡ ಚಿತ್ರಗ್ರಂಥಗಳನ್ನು ಪ್ರಕಟಿಸಿದ ಜಾನ್ ಗೌಲ್ಡ್, 1857ರಲ್ಲಿ ಅಮೆರಿಕಕ್ಕೆ ಹೋಗುವವರೆಗೂ ಜೀವಂತ ಹಕ್ಕಿಯೊಂದನ್ನೂ ಕಂಡಿರಲಿಲ್ಲ. ಅವನ ಕೈಗೆ ಬರುತ್ತಿದ್ದುದು ಚರ್ಮಗಳು ಮಾತ್ರ.

ಬಣ್ಣದ ವಿಷಯದಲ್ಲಿಯೂ ಒಂದು ಸೋಜಿಗವಿದೆ. ಈ ಹಕ್ಕಿಗಳ ಕೊರಳಿನ ಹೊಳಪು ಅರಿಸಿನ ಕುಂಕುಮಗಳಂತೆ ಬಣ್ಣದ ಪುಡಿಯಿಂದ ಬಂದುದಲ್ಲ. ಗರಿಯೊಳಗೆ ಗಾಳಿಯ ಗುಳ್ಳೆಗಳಿಂದ ತುಂಬಿದ ಅತಿ ಸೂಕ್ಷ್ಮವಾದ ಹಲ್ಲೆಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಸಾಬೂನಿನ ಗುಳ್ಳೆಯ ಮೇಲೆ ಬಣ್ಣ ಆಡುವಂತೆ, ಬೆಳಕು ಆ ಪದರಗಳಿಂದ ಹಿಂದಿರುಗುವಾಗ ಬಣ್ಣ ಹುಟ್ಟುತ್ತದೆ. ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರಿಶೀಲಿಸಿ ತೋರಿಸಿಕೊಟ್ಟವರಲ್ಲಿ ಗ್ರೀನ್‌ವಾಲ್ಟರೂ ಒಬ್ಬರು. ಆದುದರಿಂದ ಕತ್ತು ಒಂದಿಷ್ಟು ಓರೆಯಾದರೂ ಸಾಕು, ರತ್ನದಂತಿದ್ದ ಕೊರಳು ಕಾಡಿಗೆಯಂತೆ ಕಪ್ಪಾಗುತ್ತದೆ. ಸೂರ್ಯ ಬೆನ್ನ ಹಿಂದಿರಬೇಕು, ಹಕ್ಕಿ ನೇರವಾಗಿ ಇತ್ತ ತಿರುಗಬೇಕು, ಬೆರಳು ಅದೇ ಕ್ಷಣದಲ್ಲಿ ಒತ್ತಬೇಕು. ನೂರು ಚಿತ್ರಗಳಲ್ಲಿ ಒಂದು ನೆಟ್ಟಗೆ ಬಂದರೂ ಪುಣ್ಯ.

ಚಿತ್ರವೇ ಸಾಕ್ಷಿ

ಇಷ್ಟೆಲ್ಲ ಪಾಡುಪಟ್ಟು ಪಡೆದ ಚಿತ್ರದಿಂದ ಗೋಡೆಗೆ ಅಲಂಕಾರವಾಯಿತೇ ಹೊರತು ಮತ್ತೇನು ಪ್ರಯೋಜನ ಎಂದು ಕೇಳುವವರುಂಟು. ಪೆರುವಿನ ನೆರೆಯ ಎರಡು ದೇಶಗಳಲ್ಲಿ ನಡೆದ ಸಂಗತಿಗಳೇ ಇದಕ್ಕೆ ಉತ್ತರ.

ಇಕ್ವಡಾರಿನ ದಕ್ಷಿಣದಲ್ಲಿ ಸೆರ್ರೊ ದೆ ಆರ್ಕೋಸ್ ಎಂಬ, ಗಾಳಿ ಬೀಸುವ ಎತ್ತರದ ಬೋಳುಬೆಟ್ಟಗಳಿವೆ. ಫ್ರಾನ್ಸಿಸ್ಕೊ ಸೊರ್ನೋಜಾ ಎಂಬ ಪಕ್ಷಿತಜ್ಞರು 2017ರಲ್ಲಿ ಅಲ್ಲಿ ಗುರುತು ಸಿಕ್ಕದ ಒಂದು ಝೇಂಕಾರದ ಹಕ್ಕಿಯನ್ನು ಕಂಡು ಚಿತ್ರ ತೆಗೆದರು. ಆ ಚಿತ್ರ ಯಾವ ಪುಸ್ತಕದ ಹಕ್ಕಿಗೂ ಹೊಂದಲಿಲ್ಲ. ಮತ್ತೆ ಹೋಗಿ ಹುಡುಕಿದಾಗ ಕಡುನೀಲಿ ಕೊರಳಿನ ಗಂಡು ಸಿಕ್ಕಿತು. ಅದು ವಿಜ್ಞಾನಕ್ಕೆ ಹೊಸ ಜಾತಿಯೆಂದು 2018ರಲ್ಲಿ ಪ್ರಕಟವಾಯಿತು. ಅದನ್ನು ವರ್ಣಿಸಿದ ವಿಜ್ಞಾನಿಗಳ ಅಂದಾಜಿನಂತೆ ಆಗ ಬದುಕಿದ್ದ ಹಕ್ಕಿಗಳು ಹೆಚ್ಚೆಂದರೆ 750. ಹುಲ್ಲಿಗೆ ಹಚ್ಚುವ ಬೆಂಕಿ, ದನಗಳ ಮೇವು, ಗಣಿಗಾರಿಕೆ ಇವೇ ಅದರ ವೈರಿಗಳು. ಹೆಸರೇ ಇಲ್ಲದ ಹಕ್ಕಿಯನ್ನು ಉಳಿಸಿರೆಂದು ಯಾರನ್ನು ಕೇಳುವುದು? ಚಿತ್ರ ಅದಕ್ಕೆ ಹೆಸರು ಕೊಟ್ಟಿತು. ಹೆಸರು ಬಂದ ಮೇಲೆ ಅದರ ಪರವಾಗಿ ವಾದಿಸಲು ಬಾಯಿ ಬಂದಿತು.

ಎರಡನೆಯದು ಕೊಲಂಬಿಯದ ಉತ್ತರತೀರದ ಸಾಂತ ಮಾರ್ತ ಪರ್ವತಗಳ ಕಥೆ. ಅಲ್ಲಿಯದೇ ಆದ ‘ಸೇಬರ್‌ವಿಂಗ್’ ಎಂಬ ಜಾತಿಯನ್ನು, 1946ರ ಬಳಿಕ, ಖಚಿತವಾದ ದಾಖಲೆಯೊಡನೆ ಕಂಡದ್ದು 2010ರಲ್ಲಿ. ಮತ್ತೆ ಹನ್ನೆರಡು ವರ್ಷ ಅದರ ಸುಳಿವಿಲ್ಲ. ‘ಕಳೆದುಹೋದ ಹಕ್ಕಿಗಳು’ ಎಂಬ ಪಟ್ಟಿಗೆ ಅದು ಸೇರಿತು. 2022ರ ಜುಲೈ ತಿಂಗಳಿನಲ್ಲಿ ಯುರ್ಗೆನ್ ವೇಗಾ ಎಂಬ ಅನುಭವಿ ಪಕ್ಷಿವೀಕ್ಷಕರು ಅಲ್ಲಿ ಸ್ಥಳೀಯ ಹಕ್ಕಿಗಳ ಅಧ್ಯಯನ ನಡೆಸುತ್ತಿದ್ದರು. ಅಂದಿನ ಕೆಲಸ ಮುಗಿಸಿ ಹೊರಡುವಷ್ಟರಲ್ಲಿ ಪಚ್ಚೆಯ ಮೈ, ನೀಲಿ ಕೊರಳು, ಬಾಗಿದ ಕೊಕ್ಕಿನ ಹಕ್ಕಿಯೊಂದು ಎದುರಿನ ರೆಂಬೆಯ ಮೇಲೆ ಬಂದು ಕುಳಿತಿತು. ಅದು ಅಲ್ಲಿಯೇ ಕುಳಿತಿದ್ದುದರಿಂದ ಚಿತ್ರಕ್ಕೆ ಸಮಯ ದೊರೆಯಿತು. ‘ಕಂಡೆ’ ಎಂಬ ಮಾತನ್ನು ವಿಜ್ಞಾನಿಗಳು ಸಂದೇಹಿಸಬಹುದು. ಚಿತ್ರವನ್ನು ಅಲ್ಲಗಳೆಯುವುದು ಕಷ್ಟ. ಅದರ ಜಾಡು ಹಿಡಿದು ಹುಡುಕಿದವರಿಗೆ ಆ ಕಣಿವೆಯಲ್ಲಿ ಇನ್ನೂ ಕೆಲವು ಸೇಬರ್‌ವಿಂಗ್ ಹಕ್ಕಿಗಳು ಕಂಡುಬಂದವು.

ಹಿಂದಿನ ಕಾಲದಲ್ಲಾಗಿದ್ದರೆ ಇಂಥ ಅಪೂರ್ವವಾದ ಹಕ್ಕಿಯ ಪ್ರಮಾಣಕ್ಕಾಗಿ ಅದನ್ನು ಕೋವಿಯಿಂದ ಹೊಡೆಯುತ್ತಿದ್ದರು. ಇಲ್ಲಿ ಸಾಕ್ಷಿಯೂ ದೊರೆಯಿತು, ಹಕ್ಕಿಯೂ ರೆಂಬೆಯ ಮೇಲೆ ಉಳಿಯಿತು.

ನೋಡುವವರ ನಡತೆ

ಹಾಗೆಂದು ಕ್ಯಾಮೆರಾ ಹಿಡಿದವರೆಲ್ಲ ಹಕ್ಕಿಯ ಬಂಧುಗಳೆನ್ನುವಂತಿಲ್ಲ. ಝೇಂಕಾರದ ಹಕ್ಕಿಯ ಬದುಕು ಕೈಯಿಂದ ಬಾಯಿಗೆ. ಹಗಲೆಲ್ಲ ಹೀರಿದ ಸಕ್ಕರೆಯನ್ನು ಹಗಲೇ ಉರಿಸಿಬಿಡುತ್ತದೆ. ಬೆಟ್ಟದ ಚಳಿಯ ರಾತ್ರಿಯನ್ನು ಕಳೆಯಲು ಅನೇಕ ಜಾತಿಗಳು ಮೈಯ ಕಾವನ್ನು ಇಳಿಸಿಕೊಂಡು ಮರವಟ್ಟಂತೆ ಕೂರುತ್ತವೆ. ಪೆರುವಿನ ಆಂಡೀಸಿನಲ್ಲಿ ಒಂದು ಹಕ್ಕಿಯ ಮೈಯ ಕಾವು 3.3 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದುದನ್ನು ವಿಜ್ಞಾನಿಗಳು ಅಳೆದು 2020ರಲ್ಲಿ ವರದಿ ಮಾಡಿದ್ದಾರೆ. ಹೀಗೆ ರಾತ್ರಿ ಕಳೆದ ಜೀವಕ್ಕೆ ಬೆಳಗಿನ ಮೊದಲ ಗುಟುಕುಗಳು ಎಷ್ಟು ಅಮೂಲ್ಯವೆಂಬುದನ್ನು ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ಚಿತ್ರದ ಆಸೆಯಿಂದ ಹೂವಿನಿಂದ ಹೂವಿಗೆ ಅಟ್ಟುವವನು ಅದರ ತುತ್ತನ್ನೇ ಕಸಿದಂತೆ.

ಗೂಡಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅವರೆಕಾಳಿನಂಥ ಎರಡು ಮೊಟ್ಟೆಗಳಿಗೆ ಕಾವು ಕೊಡುವುದೂ ಮರಿಗಳನ್ನು ಸಾಕುವುದೂ ತಾಯಿಯೊಬ್ಬಳ ಹೊಣೆ. ಗಂಡಿಗೆ ಕುಣಿತ ಮುಗಿದ ಮೇಲೆ ಸಂಸಾರದ ಚಿಂತೆಯಿಲ್ಲ. ಮರೆಯಾಗಿದ್ದ ಎಲೆಯನ್ನು ಯಾರಾದರೂ ಚಿತ್ರಕ್ಕಾಗಿ ಕಿತ್ತರೆ ಗೂಡು ಬಿಸಿಲಿಗೂ ಮಳೆಗೂ ಶತ್ರುಗಳ ಕಣ್ಣಿಗೂ ಬೀಳುತ್ತದೆ. ಆದುದರಿಂದ ಒಳ್ಳೆಯ ಮಾರ್ಗದರ್ಶಿಯು ಗೂಡಿನಿಂದ ದೂರ ನಿಲ್ಲಿಸುತ್ತಾನೆ, ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಪದೇಪದೇ ಕರೆಯಗೊಡುವುದಿಲ್ಲ, ರೆಂಬೆ ಮುರಿಯಗೊಡುವುದಿಲ್ಲ. ಬುಡ್ಡಿಯ ನೀರಿಗೂ ನಿಯಮವುಂಟು. ನಾಲ್ಕು ಪಾಲು ನೀರಿಗೆ ಒಂದು ಪಾಲು ಬಿಳಿಯ ಸಕ್ಕರೆ, ಬಣ್ಣ ಹಾಕಬಾರದು, ಬೂಷ್ಟು ಹಿಡಿಯುವುದರಿಂದ ಜೇನುತುಪ್ಪವೂ ಕೂಡದು, ಬುಡ್ಡಿಯನ್ನು ತೊಳೆಯದೆ ಮತ್ತೆ ತುಂಬಬಾರದು. ದೂರದೇಶದಿಂದ ಹಣ ತೆತ್ತು ಬಂದ ಅತಿಥಿಗೆ ‘ಸಾಕು, ಇನ್ನು ಹಿಂದೆ ಸರಿಯಿರಿ’ ಎಂದು ಹೇಳುವುದು ಸುಲಭವಲ್ಲ. ಆ ಮಾತನ್ನು ವಿನಯದಿಂದಲೂ ದಾಕ್ಷಿಣ್ಯವಿಲ್ಲದೆಯೂ ಹೇಳಬಲ್ಲವನೇ ನಿಜವಾದ ಮಾರ್ಗದರ್ಶಿ.

ಛಾಯಾಚಿತ್ರಗಾರನು ಮನೆಗೆ ಮರಳಿ, ಚಿತ್ರವನ್ನು ದೊಡ್ಡದು ಮಾಡಿಸಿ, ಮಿತ್ರರಿಗೆ ತೋರಿಸುವಾಗ ಅದರಲ್ಲಿ ಕಾಣುವುದು ಒಂದು ಹಕ್ಕಿ ಮಾತ್ರ. ಹುಲ್ಲುಗಾವಲು ಮಾಡದೆ ಊರವರು ಬಿಟ್ಟ ಕಾಡು ಅದರಲ್ಲಿ ಕಾಣುವುದಿಲ್ಲ. ಬುಡ್ಡಿ ತೊಳೆದು ತುಂಬಿದ ಕೈಯೂ, ರೆಂಬೆಯನ್ನು ತೋರಿಸಿದ ಬೆರಳೂ ಕಾಣುವುದಿಲ್ಲ. ಅವು ಇರದಿದ್ದರೆ ಚಿತ್ರವೂ ಇರುತ್ತಿರಲಿಲ್ಲ. ಲೊಡಿಜಿಸನಿಗೆ ದೊರೆತ ಹಕ್ಕಿ ಒಬ್ಬನ ಪೆಟ್ಟಿಗೆಯ ಸೊತ್ತಾಯಿತು. ಉವೆಂಬೊದ ಹಕ್ಕಿಯನ್ನು ಎಷ್ಟು ಮಂದಿ ನೋಡಿದರೂ, ಎಷ್ಟು ಮಂದಿ ಚಿತ್ರ ತೆಗೆದರೂ, ಮರುದಿನ ಬಂದವರಿಗೆಂದು ಅದು ಅಲ್ಲಿ ಉಳಿದಿರುತ್ತದೆ. ಉಳಿಯಬೇಕಾದರೆ ಆ ಕಾಡಿನ ಅಂಚೂ ಉಳಿಯಬೇಕು.